ಫೋನಿನ ಎದುರು ಒಂದೇ ಒಂದು ಡ್ರಾ

ಪ್ರಶ್ನೆ: ಸರ್, ನಾನು ಕುಮಟಾದವನು. ಕಾಲೇಜಿನಲ್ಲಿದ್ದಾಗ ಯೂನಿವರ್ಸಿಟಿ ಟೀಮಿನಲ್ಲಿ ಚೆಸ್ ಆಡಿದ್ದೆ. ಈಗ ವಯಸ್ಸು 46. ಮೂರು ವರ್ಷದಿಂದ ದಿನಾ ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಸ್ಟಾಕ್‌ಫಿಶ್ ಎಂಬ ಚೆಸ್ ಪ್ರೋಗ್ರಾಂ ಜೊತೆ ಒಂದು ಆಟ ಆಡುತ್ತೇನೆ, ಪೂರ್ತಿ ಬಲಕ್ಕೆ ಇಟ್ಟು. ಗೆಲ್ಲುವುದು ಹಾಗಿರಲಿ, ಒಂದು ಡ್ರಾ ಕೂಡ ಆಗಿಲ್ಲ. ಕಂಪ್ಯೂಟರ್ ಎದುರು ಆಡಲಿಕ್ಕೇ ಅಂತ ಬೇರೆ ರೀತಿ ಏನಾದರೂ ಇದೆಯೇ? ದೊಡ್ಡ ಆಟಗಾರರು ಏನು ಮಾಡುತ್ತಿದ್ದರು? ಎಂಟನೇ ಕ್ಲಾಸಿನ ಮಗಳೂ ಈಗ ಅದರ ಜೊತೆ ಆಡಲು ಶುರು ಮಾಡಿದ್ದಾಳೆ. ಬಿಡಬಹುದೇ?

ಉತ್ತರ:

ಮೂರು ವರ್ಷ ಅಂದರೆ ಹೆಚ್ಚುಕಡಿಮೆ ಸಾವಿರ ಆಟ. ಸಾವಿರ ಸಲ ಸೋತು ಸಾವಿರದ ಒಂದನೇ ಆಟಕ್ಕೆ ಕೂರುತ್ತೀರಲ್ಲ ಮಾರಾಯ್ರೆ, ಮೊದಲು ಅದಕ್ಕೊಂದು ನಮಸ್ಕಾರ.

ಈಗ ಸ್ವಲ್ಪ ಲೆಕ್ಕ ನೋಡೋಣ. ಚೆಸ್ ರೇಟಿಂಗಿನ ಸೂತ್ರದಲ್ಲಿ ಇಬ್ಬರ ನಡುವೆ 400 ಅಂಕ ವ್ಯತ್ಯಾಸ ಇದ್ದರೆ ದೊಡ್ಡವನಿಗೆ ಹತ್ತು ಪಾಯಿಂಟ್ ಬಂದಾಗ ಚಿಕ್ಕವನಿಗೆ ಒಂದು ಬರುತ್ತದೆ. ಇನ್ನೊಂದು 400 ಸೇರಿದರೆ ನೂರಕ್ಕೆ ಒಂದು. ಹೀಗೇ ಪ್ರತಿ 400ಕ್ಕೆ ಹತ್ತು ಪಟ್ಟು. ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಸ್ಟಾಕ್‌ಫಿಶ್ 3600ರ ಆಸುಪಾಸಿನಲ್ಲಿದೆ. ನಿಮ್ಮನ್ನು 1600 ಅಂತ ಹಿಡಿಯೋಣ, ಕಾಲೇಜಿನಲ್ಲಿ ಆಡಿ ಬಿಟ್ಟವರು ಸಾಮಾನ್ಯವಾಗಿ ಅಲ್ಲೇ ಇರುತ್ತಾರೆ. ವ್ಯತ್ಯಾಸ 2000. ಅಂದರೆ ಲಕ್ಷಕ್ಕೆ ಒಂದು. ದಿನಕ್ಕೊಂದು ಆಟದ ಲೆಕ್ಕದಲ್ಲಿ ಒಂದು ಪಾಯಿಂಟಿಗೆ ಸುಮಾರು 270 ವರ್ಷ. ಯಂತ್ರದ ರೇಟಿಂಗನ್ನೂ ಮನುಷ್ಯರ ರೇಟಿಂಗನ್ನೂ ಹೀಗೆ ನೇರವಾಗಿ ಹೋಲಿಸುವುದು ಪೂರ್ತಿ ಸರಿಯಲ್ಲ, ಅವು ಬೇರೆ ಬೇರೆ ತಕ್ಕಡಿ. ಆದರೆ ಅಂದಾಜಿಗೆ ಸಾಕು. ಮ್ಯಾಗ್ನಸ್ ಕಾರ್ಲ್‌ಸನ್ 2014ರಲ್ಲಿ ಮುಟ್ಟಿದ 2882 ಮನುಷ್ಯರಲ್ಲಿ ಇದುವರೆಗಿನ ಅತಿ ದೊಡ್ಡ ಅಂಕ. ಅವರೇ ಕೂತರೂ ನೂರು ಆಟಕ್ಕೆ ಒಂದೆರಡು ಡ್ರಾ ಬಂದರೆ ದೊಡ್ಡದು.

ಹಾಗಾಗಿ ಪೂರ್ತಿ ಬಲಕ್ಕೆ ಇಟ್ಟು, ಮೊದಲ ನಡೆಯಿಂದ, ಸಮಾನ ಕಾಯಿ ಇಟ್ಟುಕೊಂಡು ಆಡಿ ಡ್ರಾ ಮಾಡುವ ಆಸೆ ಬಿಡಿ. ಹಾಗಂತ ನಿಮ್ಮ ಡ್ರಾ ಕನಸು ಸುಳ್ಳಲ್ಲ. ಅದಕ್ಕೆ ಜಾಗ ಬೇರೆ ಇದೆ, ಕೊನೆಗೆ ಬರುತ್ತೇನೆ.

ನೀವು ಕೇಳಿದ ‘ಬೇರೆ ರೀತಿ’ ಒಂದು ಕಾಲದಲ್ಲಿ ನಿಜವಾಗಿಯೂ ಇತ್ತು. ಡೇವಿಡ್ ಲೆವಿ ಅಂತ ಸ್ಕಾಟ್ಲೆಂಡಿನ ಪರವಾಗಿ ಆಡುತ್ತಿದ್ದ ಒಬ್ಬ ಇಂಟರ್‌ನ್ಯಾಷನಲ್ ಮಾಸ್ಟರ್. ಹತ್ತು ವರ್ಷದೊಳಗೆ ಯಾವ ಕಂಪ್ಯೂಟರೂ ತನ್ನನ್ನು ಮ್ಯಾಚಿನಲ್ಲಿ ಸೋಲಿಸುವುದಿಲ್ಲ ಎಂದು 1968ರಲ್ಲಿ ವಿಜ್ಞಾನಿಗಳ ಜೊತೆ ಪಂದ್ಯ ಕಟ್ಟಿದ. 1978ರಲ್ಲಿ ಟೊರಾಂಟೊದಲ್ಲಿ ‘ಚೆಸ್ 4.7’ ಎಂಬ ಪ್ರೋಗ್ರಾಂ ಎದುರು ಮೂರೂವರೆ–ಒಂದೂವರೆಯಿಂದ ಗೆದ್ದು ಹಣ ಕಿಸೆಗೆ ಹಾಕಿಕೊಂಡ. ಅವನ ಗುಟ್ಟು ಏನು ಗೊತ್ತಾ? ಏನೂ ಮಾಡದೆ ಇರುವುದು, ಆದರೆ ಅಚ್ಚುಕಟ್ಟಾಗಿ ಏನೂ ಮಾಡದೆ ಇರುವುದು. ನಮ್ಮ ಕಡೆ ತಾಳಮದ್ದಳೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ದೊಡ್ಡ ಅರ್ಥಧಾರಿಯ ಎದುರು ಹೊಸಬ ಕೂತಾಗ ಜಾಣನಾದರೆ ಚಿಕ್ಕದಾಗಿ ಮಾತಾಡುತ್ತಾನೆ, ಹೊಸ ವಿಷಯ ಎತ್ತುವುದಿಲ್ಲ, ಎದುರಿನವರು ಹಿಡಿಯುವಂಥ ಎಳೆ ಬಿಡುವುದಿಲ್ಲ. ಆ ಕಾಲದ ಯಂತ್ರಕ್ಕೆ ಹೊಡೆದಾಟ ಬಂದರೆ ಮಾತ್ರ ಬುದ್ಧಿ. ಹೊಡೆದಾಟ ಇಲ್ಲದ ಕಡೆ ಅದಕ್ಕೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಸುಮ್ನೆ ಕಾಯಿ ಅತ್ತಿತ್ತ ಓಡಾಡಿಸಿ ತನ್ನ ಮನೆಯನ್ನು ತಾನೇ ಹಾಳು ಮಾಡಿಕೊಳ್ಳುತ್ತಿತ್ತು.

ನನ್ನದೇ ಒಂದು ಕಥೆ ಇದೆ. 1990ರ ದಶಕದ ಕೊನೆ, ಶಿರಸಿಯ ಮಳೆಗಾಲ. ಗೆಳೆಯನೊಬ್ಬ ಕಂಪ್ಯೂಟರ್ ಕಲಿಸುವ ಚಿಕ್ಕ ಅಂಗಡಿ ಇಟ್ಟಿದ್ದ. ಮಧ್ಯಾಹ್ನ ಹುಡುಗರು ಬಾರದ ಹೊತ್ತಿನಲ್ಲಿ ನಾನು ಹೋಗಿ ಅಲ್ಲಿದ್ದ ಚೆಸ್ ಪ್ರೋಗ್ರಾಂ ಜೊತೆ ಕೂರುತ್ತಿದ್ದೆ. ಯಾವ ಗಳಿಗೆಯಲ್ಲಿ ಕರೆಂಟು ಹೋಗುತ್ತದೋ ಗೊತ್ತಿಲ್ಲ, ಯುಪಿಎಸ್ ಹತ್ತು ನಿಮಿಷ ಎಳೆದರೆ ಹೆಚ್ಚು. ಹಾಗಾಗಿ ನನಗೂ ಗಡಿಬಿಡಿ. ಮೊದಲು ಒಂದಿಷ್ಟು ದಿನ ಸೋತೆ. ಆಮೇಲೆ ಯಾರೋ ಸ್ಟೋನ್‌ವಾಲ್ ಹೇಳಿಕೊಟ್ಟರು. ಬಿಳಿ ಕಾಲಾಳುಗಳನ್ನು ಡಿ4, ಇ3, ಎಫ್4, ಸಿ3 ಮನೆಗಳಲ್ಲಿ ಇಟ್ಟರೆ ನಡುವೆ ಚಿರೇಕಲ್ಲಿನ ಪಾಗಾರ ಕಟ್ಟಿದ ಹಾಗೆ ಆಗುತ್ತದೆ, ಯಾರೂ ನುಗ್ಗಲಾರರು. ಅದರ ಹಿಂದೆ ಒಂಟೆ ಡಿ3ಗೆ, ಕುದುರೆ ಇ5ಗೆ. ರಾಜನಿಗೆ ಕ್ಯಾಸ್ಲಿಂಗ್. ನಂತರ ಆನೆಯನ್ನು ಎಫ್3ಕ್ಕೆ ಎತ್ತಿ ಎಚ್3ಕ್ಕೆ, ರಾಣಿಯನ್ನು ಎಚ್5ಕ್ಕೆ. ಎಲ್ಲರ ಕಣ್ಣೂ ಎಚ್7ರ ಮೇಲೆ.

ಆ ಪ್ರೋಗ್ರಾಂ ಇದನ್ನೆಲ್ಲ ನೋಡುತ್ತಲೇ ಇರಲಿಲ್ಲ. ಅದರ ರಾಣಿ ಆಚೆ ಬದಿಗೆ ಹೋಗಿ ಬಿ2ರ ಕಾಲಾಳನ್ನು ತಿಂದು ಕೂತಿತ್ತು. ಅದಕ್ಕೆ ಮುಂದಿನ ಏಳೆಂಟು ನಡೆ ಮಾತ್ರ ಕಾಣುತ್ತಿತ್ತು, ನನ್ನ ದಾಳಿ ಕಟ್ಟಲಿಕ್ಕೆ ಹನ್ನೆರಡು ನಡೆ ಬೇಕಿತ್ತು. ಅದಕ್ಕೆ ಅಪಾಯ ಕಂಡ ಹೊತ್ತಿಗೆ ರಾಜನ ಸುತ್ತ ಯಾರೂ ಇರಲಿಲ್ಲ. ಕಡಲಲ್ಲಿ ದೋಣಿ ಅಂಚು ದಾಟಿ ಮೇಲೆ ಬಂದ ಮೇಲೆ ಮಾತ್ರ ಕಣ್ಣಿಗೆ ಬೀಳುತ್ತದಲ್ಲ, ಹಾಗೆ. ತಜ್ಞರೂ ಇದನ್ನು ಹೊರೈಜನ್ ಎಫೆಕ್ಟ್ ಅಂತಲೇ ಕರೆದರು. ಅವತ್ತು ಮೇಟ್ ಆದ ಮೇಲೆ ನಾನು ಚಾ ಕುಡಿಯಲು ಎದ್ದೆ, ಕರೆಂಟು ಹೋಯಿತು. ಆ ಗೆಲುವಿಗೆ ಸಾಕ್ಷಿ ಗೆಳೆಯನೊಬ್ಬನೇ.

ಕೆಲವು ವರ್ಷದ ಹಿಂದೆ ಅದೇ ಪಾಗಾರವನ್ನು ಫೋನಿನ ಸ್ಟಾಕ್‌ಫಿಶ್ ಎದುರು ಕಟ್ಟಿ ನೋಡಿದೆ. ಅದು ಏನೂ ಗಲಾಟೆ ಮಾಡಲಿಲ್ಲ. ತನ್ನ ಒಂಟೆಯನ್ನು ಎಫ್5ಕ್ಕೆ ತಂದು ನನ್ನ ಡಿ3 ಒಂಟೆಯ ಜೊತೆ ಬದಲಾಯಿಸಿಕೊಂಡಿತು, ಅಷ್ಟೆ. ಸ್ಟೋನ್‌ವಾಲ್‌ನ ಜೀವ ಆ ಒಂಟೆಯಲ್ಲಿದೆ. ಅದು ಹೋದ ಮೇಲೆ ಉಳಿಯುವುದು ಬರೀ ಗೋಡೆ. ಗೋಡೆಯ ನಡುವೆ ಇ4ರಲ್ಲಿ ಒಂದು ದೊಡ್ಡ ತೂತು. ಅಲ್ಲಿ ಅದರ ಕುದುರೆ ಬಂದು ಕೂತಿತು. ಮೂವತ್ತು ನಡೆಯೊಳಗೆ ಮುಗಿಯಿತು.

ಅಲ್ಲಿಂದ ಇಲ್ಲಿಗೆ ಏನು ಬದಲಾಯಿತು? ಎಲ್ಲರೂ ವೇಗ ಅಂತಾರೆ. ಪೂರ್ತಿ ಸರಿಯಲ್ಲ. 1997ರಲ್ಲಿ ನ್ಯೂಯಾರ್ಕಿನಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಮೂರೂವರೆ–ಎರಡೂವರೆಯಿಂದ ಸೋಲಿಸಿದ ಐಬಿಎಂನ ಡೀಪ್ ಬ್ಲೂ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡುತ್ತಿತ್ತು. ಚೆಸ್‌ಗೆಂದೇ ಮಾಡಿಸಿದ 480 ಚಿಪ್ ಅದರೊಳಗಿದ್ದವು. ನಿಮ್ಮ ಕಿಸೆಯ ಫೋನು ಅದರ ಹತ್ತಿರಕ್ಕೂ ಬರುವುದಿಲ್ಲ, ಆದರೂ ಡೀಪ್ ಬ್ಲೂವನ್ನು ಕೂರಿಸಿ ಸೋಲಿಸುತ್ತದೆ. ಯಾಕೆಂದರೆ ಯಾವುದನ್ನು ನೋಡಬಾರದು ಎಂಬುದು ಈಗಿನ ಪ್ರೋಗ್ರಾಂಗಳಿಗೆ ಗೊತ್ತು. ಒಂದು ನಡೆ ಉಪಯೋಗಕ್ಕೆ ಬಾರದ್ದು ಅನ್ನಿಸಿತೆಂದರೆ ಆ ಕೊಂಬೆಯನ್ನು ಅಲ್ಲೇ ಕಡಿದು ಮುಂದೆ ಹೋಗುತ್ತವೆ. ಹಾಗೆ ಉಳಿಸಿದ ಸಮಯವನ್ನು ಒಳ್ಳೆಯ ಕೊಂಬೆಯ ಮೇಲೆ ಸುರಿಯುತ್ತವೆ.

ಎರಡನೆಯದು ಇನ್ನೂ ದೊಡ್ಡದು. ಶಿರಸಿಯ ಅಡಿಕೆ ವ್ಯಾಪಾರಕ್ಕೆ ಹೋಗಿದ್ದೀರಾ? ಹಳೇ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಒಂದನ್ನು ಒಡೆದು ನೋಡಿ, ರಾಶಿಯೋ ಬೆಟ್ಟೆಯೋ, ಯಾವ ದರಕ್ಕೆ ಹೋಗುತ್ತದೆ ಅಂತ ಹೇಳಿಬಿಡುತ್ತಾರೆ. ಒಂದೊಂದೇ ಅಡಿಕೆ ಎಣಿಸಿ ತೂಗಿ ಹೇಳುವುದಿಲ್ಲ. ಹಳೆಯ ಪ್ರೋಗ್ರಾಂಗಳು ಎಣಿಸುವವು. ಆನೆಗೆ ಐದು, ಕುದುರೆಗೆ ಮೂರು, ರಾಜನ ಮುಂದೆ ಕಾಲಾಳು ಇದ್ದರೆ ಇಷ್ಟು ಅಂತ ಮನುಷ್ಯರು ಬರೆದುಕೊಟ್ಟ ಪಟ್ಟಿ. 2017ರ ಕೊನೆಯಲ್ಲಿ ಗೂಗಲ್‌ನ ಡೀಪ್‌ಮೈಂಡ್‌ನವರ ಆಲ್ಫಾಜೀರೋ ಬಂತು. ತನ್ನ ಜೊತೆ ತಾನೇ ಆಡಿ ಕಲಿತ ಅದು ಸ್ಟಾಕ್‌ಫಿಶ್ ಎದುರು ನೂರು ಆಟದಲ್ಲಿ 28 ಗೆದ್ದು, 72 ಡ್ರಾ ಮಾಡಿ, ಒಂದನ್ನೂ ಸೋಲಲಿಲ್ಲ. ಅದರ ಕೈಗೆ ಅಡಿಕೆ ವ್ಯಾಪಾರಿಯ ಸ್ಪರ್ಶ ಬಂದಿತ್ತು. 2020ರಲ್ಲಿ ಸ್ಟಾಕ್‌ಫಿಶ್ ಕೂಡ ಅಂಥದ್ದೇ ಒಂದು ಚಿಕ್ಕ ನ್ಯೂರಲ್ ನೆಟ್‌ವರ್ಕ್ ಒಳಗೆ ಸೇರಿಸಿಕೊಂಡಿತು. ಎಣಿಕೆಯ ಜೊತೆಗೆ ಸ್ಪರ್ಶವೂ ಬಂತು. ಪಾಗಾರ ಕಟ್ಟಿ ಕಾಯುವ ಆಟ ಅಲ್ಲಿಗೆ ಮುಗಿಯಿತು.

ನಡುವಿನ ಕಾಲದಲ್ಲಿ ದೊಡ್ಡವರು ಒಳ್ಳೆಯ ಹೋರಾಟವನ್ನೇ ಕೊಟ್ಟರು. 2002ರಲ್ಲಿ ಬಹರೇನ್‌ನಲ್ಲಿ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಎಂಬ ಪ್ರೋಗ್ರಾಂ ಜೊತೆ 4–4 ಮಾಡಿದರು. 2003ರಲ್ಲಿ ಕಾಸ್ಪರೋವ್ ಎರಡು ಯಂತ್ರಗಳ ಜೊತೆ ಸಮ ಮಾಡಿಕೊಂಡರು. ಅದರಲ್ಲಿ ಫ್ರಿಟ್ಜ್ ಎದುರಿನ ಮೂರನೇ ಆಟ ಹುಡುಕಿ ನೋಡಿ. ಕಾಲಾಳುಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಬೋರ್ಡ್ ಮುಚ್ಚಿಹೋಗಿದೆ. ಯಂತ್ರದ ಕಾಯಿಗಳು ಬಸ್ ತಪ್ಪಿದವರ ಹಾಗೆ ಹಿಂದೆ ಮುಂದೆ ತಿರುಗುತ್ತಿವೆ. ಕಾಸ್ಪರೋವ್ ಆರಾಮಾಗಿ ಆಚೆ ಬದಿಯಿಂದ ದಾರಿ ಬಿಡಿಸಿಕೊಂಡು ಹೋಗುತ್ತಾರೆ. 2008ರಲ್ಲಿ ಹಿಕಾರು ನಕಾಮುರಾ ಇಂಟರ್‌ನೆಟ್ಟಿನಲ್ಲಿ ಬ್ಲಿಟ್ಜ್, ಅಂದರೆ ಕೆಲವೇ ನಿಮಿಷದ ಆಟ, ಆಡುತ್ತಾ ರಿಬ್ಕಾ ಎಂಬ ಪ್ರೋಗ್ರಾಮನ್ನು 271 ನಡೆಯಲ್ಲಿ ಸೋಲಿಸಿದ್ದು ಇನ್ನೂ ಮಜಾ. ಬೋರ್ಡ್ ಪೂರ್ತಿ ಮುಚ್ಚಿದ್ದರು. ಕಾಯಿ ಹೊಡೆಯದೆ, ಕಾಲಾಳು ನಡೆಸದೆ ಐವತ್ತು ನಡೆ ಕಳೆದರೆ ಡ್ರಾ ಎಂಬ ನಿಯಮ ಇದೆಯಲ್ಲ? ತಾನೇ ಮುಂದಿದ್ದೇನೆ ಅಂದುಕೊಂಡಿದ್ದ ರಿಬ್ಕಾಗೆ ಡ್ರಾ ಬೇಡ. ಅದನ್ನು ತಪ್ಪಿಸಲು ತನ್ನ ಗೋಡೆಯನ್ನು ತಾನೇ ಬಿಚ್ಚಿತು. ನಕಾಮುರಾ ಒಳಗೆ ನುಗ್ಗಿದರು. ಈ ಸಂಕಟ ನನಗೆ ಮನುಷ್ಯರದ್ದೇ ಅನ್ನಿಸುತ್ತದೆ. ಗೆಲ್ಲುವ ಆಟ ಎಂದುಕೊಂಡು ಡ್ರಾ ಒಪ್ಪದೆ ಸೋತ ಮಕ್ಕಳನ್ನು ನಾನು ಪ್ರತಿ ಟೂರ್ನಮೆಂಟಿನಲ್ಲೂ ನೋಡುತ್ತೇನೆ.

ಇನ್ನೊಂದು ಕಡೆ ಸೋಲು ಹೇಗೆ ಬರುತ್ತದೆ ಅಂತಲೂ ನೋಡಬೇಕು. 2006ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಅದೇ ಕ್ರಾಮ್ನಿಕ್, ಆಗ ವಿಶ್ವ ಚಾಂಪಿಯನ್, ಡೀಪ್ ಫ್ರಿಟ್ಜ್ ಎದುರು ಎರಡನೇ ಆಟ. ಕಪ್ಪು ಕಾಯಿ. ಆಟ ಚೆನ್ನಾಗಿಯೇ ಇದೆ. 34ನೇ ನಡೆಯಲ್ಲಿ ರಾಣಿಯನ್ನು ಇ3ಕ್ಕೆ ಇಟ್ಟು ಆರಾಮಾಗಿ ಎದ್ದು ಹೋದರು. ಫ್ರಿಟ್ಜ್ ತನ್ನ ರಾಣಿಯನ್ನು ಎಚ್7ಕ್ಕೆ ಇಟ್ಟಿತು. ಮೇಟ್. ಒಂದೇ ನಡೆಯ ಮೇಟ್! ಎಫ್8ರಲ್ಲಿದ್ದ ಬಿಳಿ ಕುದುರೆ ಎಚ್7ಕ್ಕೆ ಕಾವಲು ಕೊಡುತ್ತಿತ್ತು. ಎದುರಾಳಿಯ ಕುದುರೆ ನಮ್ಮ ಹಿಂದಿನ ಸಾಲಿನಲ್ಲಿ ಕೂತು ಹಿಂದಕ್ಕೆ ನೋಡುತ್ತಾ ಕಾವಲು ಕೊಡುವುದು ಅಪರೂಪ, ನಮ್ಮ ಕಣ್ಣಿಗೆ ಆ ಚಿತ್ರ ರೂಢಿ ಇಲ್ಲ. ಯಂತ್ರಕ್ಕೆ ರೂಢಿ ಅಂತ ಇಲ್ಲ, ಎಲ್ಲವನ್ನೂ ನೋಡುತ್ತದೆ. ಆ ಮ್ಯಾಚ್ 4–2ರಿಂದ ಫ್ರಿಟ್ಜ್‌ಗೆ ಹೋಯಿತು. ಅದರ ಹಿಂದಿನ ವರ್ಷವೇ ಲಂಡನ್ನಿನಲ್ಲಿ ಹೈಡ್ರಾ ಎಂಬ ಯಂತ್ರದ ಎದುರು ಮೈಕೆಲ್ ಆಡಮ್ಸ್ ಆರು ಆಟದಲ್ಲಿ ಒಂದು ಡ್ರಾ ಮಾತ್ರ ಮಾಡಿದ್ದರು. ಆ ಮೇಲೆ ಸಮಾನ ಕಾಯಿಯ ದೊಡ್ಡ ಮ್ಯಾಚುಗಳೇ ನಿಂತುಹೋದವು. ಹಣ ಹಾಕುವವರಿಗೂ ಫಲಿತಾಂಶ ಗೊತ್ತಿತ್ತು.

ನಿಮ್ಮ ಆಟದಲ್ಲೂ ಹೀಗೇ ಆಗುತ್ತಿರುತ್ತದೆ ಅಂತ ನನ್ನ ಅನುಮಾನ. ಇಪ್ಪತ್ತು ನಡೆ ಚೆನ್ನಾಗಿ ಆಡಿರುತ್ತೀರಿ, ಒಂದು ಕಡೆ ಕಣ್ಣು ತಪ್ಪುತ್ತದೆ. ಊಟ ಆಗಿ ರಾತ್ರಿ ಹತ್ತು ಗಂಟೆಗೆ, ದಿನದ ಕೆಲಸ ಮುಗಿಸಿ, ಇನ್ನೇನಾಗುತ್ತದೆ ಹೇಳಿ.

ಹಾಗಾದರೆ ಈಗ ಉಳಿದಿರುವುದೇನು? ಒಂದು, ಕಾಯಿ ಬಿಟ್ಟುಕೊಡಿಸಿ ಆಡುವುದು. ಇದರಲ್ಲಿ ನಾಚಿಕೆ ಏನಿಲ್ಲ. 2016ರಲ್ಲಿ ನಕಾಮುರಾ ಅಂಥವರೇ ಕೊಮೊಡೊ ಎಂಬ ಪ್ರೋಗ್ರಾಮಿನಿಂದ ಒಂದೊಂದು ಆಟಕ್ಕೆ ಒಂದೊಂದು ರಿಯಾಯಿತಿ ತೆಗೆದುಕೊಂಡು ಆಡಿದರು. ಮೂರು ಡ್ರಾ, ಕೊನೆಯದು ಸೋಲು. ನೀವು ಒಂದು ಆನೆ ತೆಗೆಸಿ ಶುರು ಮಾಡಿ, ಅದನ್ನು ಗೆದ್ದ ಮೇಲೆ ಕುದುರೆಗೆ ಇಳಿಯಿರಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ಟಾಕ್‌ಫಿಶ್ ಎದುರಿನವನೂ ತನ್ನಷ್ಟೇ ಚೆನ್ನಾಗಿ ಆಡುತ್ತಾನೆ ಅಂದುಕೊಂಡು ಲೆಕ್ಕ ಹಾಕುತ್ತದೆ. ಕುದುರೆ ಇಲ್ಲದೆ ಆಡುವಾಗ ಹೇಗೂ ಸೋಲು ಅಂತ ಅದಕ್ಕೆ ಕಾಣುತ್ತದೆ, ನಿಮಗೆ ಬಲೆ ಹಾಕುವ ಉಮೇದು ಇರುವುದಿಲ್ಲ. ಲೀಲಾ ಎಂಬ ಇನ್ನೊಂದು ಪ್ರೋಗ್ರಾಂ ಇದೆ. ಅದರ ಕುದುರೆ ಬಿಟ್ಟು ಆಡುವ, ರಾಣಿ ಬಿಟ್ಟು ಆಡುವ ಬಾಟ್‌ಗಳು ಲಿಚೆಸ್ ಎಂಬ ಚೆಸ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಮನುಷ್ಯ ಎಡವುತ್ತಾನೆ ಅಂತ ಗೊತ್ತಿದ್ದೇ ಆಡಲು ಅವುಗಳಿಗೆ ಕಲಿಸಿದ್ದಾರೆ. ಕಾಯಿ ಬದಲಾಯಿಸಿಕೊಳ್ಳಲು ಬಿಡುವುದಿಲ್ಲ, ಬೋರ್ಡ್ ಗೋಜಲು ಮಾಡುತ್ತವೆ. ರಾಣಿ ಇಲ್ಲದ ಬಾಟ್ ಕೈಯಲ್ಲೇ ಸೋತರೆ ಬೇಜಾರು ಮಾಡಿಕೊಳ್ಳಬೇಡಿ. ನನಗೂ ಆಗಿದೆ, ಐದು ನಿಮಿಷದ ಆಟದಲ್ಲಿ.

ಈ ಆಟದಲ್ಲಿ ನೀವು ಮಾಡಬೇಕಾದ್ದು ಒಂದೇ. ಸಿಕ್ಕ ಕಾಯಿಯನ್ನೆಲ್ಲ ಬದಲಾಯಿಸಿಕೊಳ್ಳಿ, ಕಾಲಾಳು ಉಳಿಸಿಕೊಳ್ಳಿ, ರಾಜನ ಮುಂದೆ ಕೈ ಆಡಿಸಬೇಡಿ. ಗೆದ್ದ ಆಟವನ್ನು ಗೆಲ್ಲುವುದೇ ಕಷ್ಟ ಎಂಬುದು ಎಂಜಿನ್, ಅಂದರೆ ಇಂಥ ಚೆಸ್ ಪ್ರೋಗ್ರಾಂ, ಎದುರು ಕೂತರೆ ಒಂದೇ ದಿನಕ್ಕೆ ಗೊತ್ತಾಗುತ್ತದೆ. ಅಷ್ಟು ಹಟ ಹಿಡಿದು ಕಾಯುವ ಎದುರಾಳಿ ನಿಮಗೆ ಕುಮಟಾದಲ್ಲೂ ಸಿಗುವುದಿಲ್ಲ, ಬೆಂಗಳೂರಿನಲ್ಲೂ ಸಿಗುವುದಿಲ್ಲ.

ಮನುಷ್ಯ ಮತ್ತು ಯಂತ್ರ ಜೊತೆ ಸೇರಿ ಆಡುವುದೂ ಒಂದು ಕಾಲಕ್ಕೆ ಜೋರಾಗಿತ್ತು. 2005ರಲ್ಲಿ ಅಮೆರಿಕದ ಇಬ್ಬರು ಸಾಧಾರಣ ಆಟಗಾರರು ಮೂರು ಕಂಪ್ಯೂಟರ್ ಇಟ್ಟುಕೊಂಡು ಗ್ರ್ಯಾಂಡ್‌ಮಾಸ್ಟರ್‌ಗಳಿದ್ದ ಟೂರ್ನಮೆಂಟ್ ಗೆದ್ದುಬಿಟ್ಟರು. ಈಗ ಆ ಕಾಲವೂ ಹೋಯಿತು. ಕಂಪ್ಯೂಟರ್ ಸಹಾಯಕ್ಕೆ ಅನುಮತಿ ಇರುವ ಅಂಚೆ ಚೆಸ್‌ನಲ್ಲಿ ಮೇಲಿನ ಮಟ್ಟದ ಆಟಗಳು ಬಹುತೇಕ ಎಲ್ಲವೂ ಡ್ರಾ. ಮನುಷ್ಯ ಸೇರಿಸುವುದು ಬಹಳ ಕಡಿಮೆ ಉಳಿದಿದೆ.

ಮಗಳ ವಿಷಯ. ಸ್ಟಾಕ್‌ಫಿಶ್‌ನ ಬಲ ಇಳಿಸಿ ಆಡಿಸುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಅದು ನನಗೆ ಅಷ್ಟು ಇಷ್ಟ ಇಲ್ಲ. ಬಲ ಇಳಿಸಿದ ಎಂಜಿನ್ ಹತ್ತು ನಡೆ ಚಾಂಪಿಯನ್ ಹಾಗೆ ಆಡಿ, ಹನ್ನೊಂದನೆಯದಕ್ಕೆ ಬೇಕಂತಲೇ ಆನೆ ಬಿಟ್ಟುಕೊಡುತ್ತದೆ. ಯಾವ ಹುಡುಗಿಯೂ ಹಾಗೆ ಆಡುವುದಿಲ್ಲ. ಹಾಗಾಗಿ ‘ತಾನು ಕಾದರೆ ಸಾಕು, ಅದೇ ಕೊಡುತ್ತದೆ’ ಎಂಬ ಅಭ್ಯಾಸ ಮಕ್ಕಳಿಗೆ ಬರುತ್ತದೆ. ಮಾಯಾ ಎಂಬ ಬಾಟ್‌ಗಳಿವೆ, ಅವೂ ಲಿಚೆಸ್‌ನಲ್ಲೇ. ಲಕ್ಷಾಂತರ ಮನುಷ್ಯರ ಆಟ ನೋಡಿ, ಇಂಥ ರೇಟಿಂಗಿನವನು ಇಲ್ಲಿ ಏನು ಆಡುತ್ತಾನೆ ಅಂತ ಕಲಿತವು. ಅವು ನಮ್ಮ ಹಾಗೇ ತಪ್ಪು ಮಾಡುತ್ತವೆ. ಅದರ ಜೊತೆ ಆಡಲಿ. ಅದಕ್ಕಿಂತ ಮೊದಲು ಊರಿನಲ್ಲಿ ಎದುರು ಕೂರುವ ಇನ್ನೊಂದು ಮಗು ಸಿಕ್ಕರೆ ಅದರ ಜೊತೆ ಆಡಲಿ.

ಮತ್ತೆ ಆಟ ಮುಗಿದ ಕೂಡಲೇ ಎಂಜಿನ್ ಹಾಕಿ ತಪ್ಪು ತೋರಿಸುವ ಕೆಂಪು, ಹಳದಿ ಗುರುತು ನೋಡಲು ಬಿಡಬೇಡಿ. ನನ್ನ ಹತ್ತಿರ ಬರುವ ಮಕ್ಕಳಿಗೆ ಒಂದು ನಿಯಮ ಇದೆ. ಮೊದಲು ಪುಸ್ತಕದಲ್ಲಿ ಆಟ ಬರೆದು, ತನಗೆ ಎಲ್ಲಿ ಕಷ್ಟ ಆಯಿತು, ಅಲ್ಲಿ ಏನು ಯೋಚಿಸಿದೆ ಅಂತ ಒಂದು ಸಾಲು ಬರೆಯಬೇಕು. ಆಮೇಲೆ ಎಂಜಿನ್. ಎಷ್ಟೋ ಸಲ ಮಗುವಿಗೆ ಕಷ್ಟವಾದ ಜಾಗ ಒಂದು, ಎಂಜಿನ್ ತೋರಿಸುವ ತಪ್ಪು ಇನ್ನೊಂದು ಕಡೆ ಇರುತ್ತದೆ. ಮಗು ಆರಾಮಾಗಿ, ಯೋಚಿಸದೆ ಆಡಿದ ಜಾಗದಲ್ಲಿ! ಕ್ರಾಮ್ನಿಕ್‌ಗೆ ಆದದ್ದೂ ಅದೇ ಅಲ್ವಾ?

ಈಗ ನಿಮ್ಮ ಡ್ರಾ. ಲಿಚೆಸ್‌ನಲ್ಲಿ ಬೋರ್ಡ್ ಎಡಿಟರ್ ತೆಗೆಯಿರಿ. ಬಿಳಿ ರಾಜ ಡಿ5, ಬಿಳಿ ಕಾಲಾಳು ಇ5, ಬಿಳಿ ಆನೆ ಎಚ್7. ಕಪ್ಪು ರಾಜ ಇ8, ಕಪ್ಪು ಆನೆ ಬಿ6. ಬಿಳಿಯ ನಡೆ. ಕಪ್ಪು ನಿಮ್ಮದು, ಬಿಳಿ ಸ್ಟಾಕ್‌ಫಿಶ್‌ನದು, ಪೂರ್ತಿ ಬಲಕ್ಕೇ ಇಡಿ. ಒಂದು ಕಾಲಾಳು ಕಡಿಮೆ ಇದ್ದರೂ ಇದು ಡ್ರಾ. 18ನೇ ಶತಮಾನದ ಫ್ರಾನ್ಸಿನ ಫಿಲಿಡೋರ್ ತೋರಿಸಿದ್ದು, ಅವರು ಸಂಗೀತ ರಚನೆಕಾರರೂ ಹೌದು. ನಿಮ್ಮ ಆನೆ ಆರನೇ ಸಾಲಿನಲ್ಲಿ ಇರುವ ತನಕ ಬಿಳಿ ರಾಜ ಆ ಸಾಲಿಗೆ ಹತ್ತಲಾರ. ಅದು ಏನೇ ಆಡಿದರೂ ನೀವು ಆನೆಯನ್ನು ಆ ಸಾಲಿನಲ್ಲೇ ಅತ್ತಿತ್ತ ಆಡಿಸಿ. ರಾಜ ಬೆದರಿಸಿದರೆ ದೂರದ ಮನೆಗೆ ಸರಿಯಿರಿ. ಯಾವಾಗ ಕಾಲಾಳು ಇ6ಕ್ಕೆ ಬಂತೋ, ಆಗ ಬಿಳಿ ರಾಜನಿಗೆ ಅಡಗಲು ಜಾಗ ಹೋಯಿತು. ಆ ಕ್ಷಣವೇ ಆನೆಯನ್ನು ಸೀದಾ ಒಂದನೇ ಸಾಲಿಗೆ ಇಳಿಸಿ ಹಿಂದಿನಿಂದ ಚೆಕ್ ಕೊಡುತ್ತಾ ಹೋಗಿ. ರಾಜ ಡಿ6, ನೀವು ಡಿ1ರಿಂದ ಚೆಕ್. ರಾಜ ಇ5, ಇ1ರಿಂದ ಚೆಕ್. ಅದಕ್ಕೆ ದಾರಿ ಇಲ್ಲ.

ಅದು ಸಾಮಾನ್ಯವಾಗಿ ಸೊನ್ನೆ ಅಂಕ ತೋರಿಸಿಕೊಂಡೇ ಆಡುತ್ತಿರುತ್ತದೆ, ಆದರೂ ನೀವೇ ಆಡಿ ಮುಗಿಸಬೇಕು, ನಡು ದಾರಿಯಲ್ಲಿ ಅದು ಬಿಟ್ಟುಕೊಡುವುದಿಲ್ಲ. ಒಂದೇ ಒಂದು ಕಡೆ ಎಚ್ಚರ. ಕಾಲಾಳು ಇನ್ನೂ ಇ5ರಲ್ಲೇ ಇರುವಾಗ, ಸುಮ್ನೆ ಒಂದು ಚೆಕ್ ಕೊಡೋಣ ಅಂತ ಆನೆಯನ್ನು ಆರನೇ ಸಾಲಿನಿಂದ ಕೆಳಗೆ ಇಳಿಸಬೇಡಿ. ಮೊದಲ ಎರಡು ಸಲ ಎಲ್ಲರೂ ಅದನ್ನೇ ಮಾಡುವುದು.